ಇಬ್ಬರು ಗುಂಡ್ಲುಪೇಟೆಯವರು

ನಮ್ಮೂರಿನ ಹೆಸರು ಕೇಳಿ ನಾನು ಹೆದರಿದ್ದು ಒಂದೇ ಸಲ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಮನೆತನದ ಹೆಸರು ಕೇಳಿದ್ದ ಕಡೆ ನಾನೂ ಗೆಳೆಯ ಇಮ್ರಾನನೂ ಇನಿಷಿಯಲ್ ಬಿಡಿಸಿ ಊರ ಹೆಸರು ‘ಗುಂಡ್ಲುಪೇಟೆ’ ಎಂದು ಬರೆದಿದ್ದೆವು. ಬೇಸಿಗೆ ರಜೆಯಲ್ಲಿ ಕಾಲೇಜಿನವರ ಜೊತೆ ಯುರೋಪಿನ ನಗರಗಳನ್ನು ಸುತ್ತಲು ಹೊರಟು ಫ್ರಾಂಕ್‌ಫರ್ಟ್‌ನಲ್ಲಿ ಇಳಿದೆವು. ಉಳಿದವರೆಲ್ಲ ವಿಮಾನ ನಿಲ್ದಾಣದ ಪಾಸ್‌ಪೋರ್ಟ್ ತಪಾಸಣೆ ದಾಟಿದರು. ಅಧಿಕಾರಿ ನಮ್ಮಿಬ್ಬರ ಪಾಸ್‌ಪೋರ್ಟನ್ನು ಪಕ್ಕಪಕ್ಕ ಇಟ್ಟರು.

“ಗೋಪಾಲ ಗುಂಡ್ಲುಪೇಟೆ. ಇಮ್ರಾನ್ ಗುಂಡ್ಲುಪೇಟೆ. ಅಣ್ಣತಮ್ಮಂದಿರಾ?”

ನಾನು “ಅಲ್ಲ” ಎಂದೆ. ಅದೇ ಗಳಿಗೆಯಲ್ಲಿ ಇಮ್ರಾನ್ “ಹೌದು” ಎಂದ.

ಅಧಿಕಾರಿ ಫೋನ್ ಎತ್ತಿ ಯಾರನ್ನೋ ಕರೆದರು. ಇಲ್ಲಿಂದಲೇ ವಾಪಸ್ ಕಳಿಸಿದರೆ ಅಪ್ಪನಿಗೆ ಏನು ಹೇಳುವುದು?

“ಯಾಕ್ಲಾ ಹೌದು ಅಂದೆ?” ಎಂದು ಪಿಸುಗುಟ್ಟಿದೆ.

“ಎದ್ರಿಕೆ ಆಯ್ತು ಕಣ್ಲಾ. ಹೂಂ ಅಂದ್ರೆ ಬುಟ್ಬುಡ್ತಾರೆ ಅನ್ಕಂಡೆ.”

ಹಿರಿಯ ಮಹಿಳಾ ಅಧಿಕಾರಿಯೊಬ್ಬರು ಬಂದರು. ಎರಡೂ ಪಾಸ್‌ಪೋರ್ಟಿನಲ್ಲಿ ಹುಟ್ಟಿದೂರಿನ ಸಾಲನ್ನು ತೋರಿಸಿದೆ. ಅಲ್ಲೂ ಗುಂಡ್ಲುಪೇಟೆ. “ಇದು ನಮ್ಮೂರಿನ ಹೆಸರು,” ಎಂದೆ. ಆಕೆ ಎರಡನ್ನೂ ನಿಧಾನವಾಗಿ ಹೋಲಿಸಿ, ನಕ್ಕು, ಮುದ್ರೆ ಒತ್ತಿದರು.

ಹೊರಗೆ ಬಂದ ಮೇಲೆ ಇಮ್ರಾನ್, “ನೀನೂ ಹೌದು ಅಂದಿದ್ರೆ ಆಗ್ಲೇ ಮುಗ್ದೋಗದು,” ಎಂದ.

ನನಗೆ ಅನುಮಾನ. ಅಣ್ಣ ಯಾರು ಎಂದು ಕೇಳಿದ್ದರೆ ಇಬ್ಬರೂ ಒಟ್ಟಿಗೇ “ನಾನು” ಎನ್ನುತ್ತಿದ್ದೆವು.