ಮರಳಿ ಬಂದ ಚರಗ

ವಿಡಿಯೋ ಗೇಮ್ ಆಡುವ ಹೆಂಗಸು ಅಂದರೆ ನಮ್ಮ ಸೇಡಂನಲ್ಲಿ ಜನ ಇನ್ನೂ ಒಂಥರಾ ನೋಡುತ್ತಾರೆ. ನೋಡಲಿ ಬಿಡಿ. ಚಿತ್ತಾಪುರದ ಕಚೇರಿಯಲ್ಲಿ ಇಡೀ ದಿನ ಟೈಪ್ ಮಾಡಿ, ಸಂಜೆ ರೈಲಿನಲ್ಲಿ ನಿಂತುಕೊಂಡೇ ಊರಿಗೆ ಬಂದು, ರೊಟ್ಟಿ ಬಡಿದ ಮೇಲೆ ನನ್ನದು ಅಂತ ಉಳಿಯುವುದು ಒಂದಿಷ್ಟು ಹೊತ್ತು. ಅದನ್ನು ಸೀರಿಯಲ್ಲಿನ ಅತ್ತೆ ಸೊಸೆಯರ ಜಗಳಕ್ಕೆ ಯಾಕೆ ಸುರಿಯಬೇಕು? ಶಹಾಬಾದಿನಲ್ಲಿರುವ ನನ್ನ ತಮ್ಮ ಹೊಸ ಕನ್ಸೋಲ್ ಕೊಂಡಾಗ ಹಳೆಯದನ್ನು ನನಗೆ ತಂದುಕೊಟ್ಟ. "ತಗೋ ಅಕ್ಕಾ, ನಿನ್ನ ಸಿಟ್ಟೆಲ್ಲ ಇದರ ಮ್ಯಾಲ ತೀರಿಸ್ಕೋ. ಭಾವಗ ಒಂದೀಟು ಆರಾಮ ಸಿಗಲಿ," ಅಂದ.

ಈ ವರ್ಷ ಆಡಿದ್ದರಲ್ಲಿ ಮೊದಲನೆಯದು ಕಾರ್ ರೇಸು. ನೋಡಲು ಚೆಂದವೇ. ಆದರೆ ಆ ರಸ್ತೆಯಲ್ಲಿ ಹುಡುಕಿದರೂ ಒಂದು ತಗ್ಗಿಲ್ಲ! ಸಿಮೆಂಟ್ ಲಾರಿಗಳ ಹಿಂದೆ ಧೂಳು ಕುಡಿಯುತ್ತ ಓಡಾಡುವ ನನಗೆ ಅಂಥ ರಸ್ತೆಯ ಮೇಲೆ ನಂಬಿಕೆಯೇ ಬರಲಿಲ್ಲ. ಆಮೇಲೆ ಒಂದು ದೆವ್ವದ ಆಟ. ಹಾಳುಬಿದ್ದ ಬಂಗಲೆಯೊಳಗೆ ಬ್ಯಾಟರಿ ಹಿಡಿದು ನಡೆಯಬೇಕು. ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದ ನನ್ನ ಗಂಡ ನನಗಿಂತ ಮೊದಲು ಚೀರಿದ. ಇನ್ನೊಂದು ಕತ್ತಿ ಕಾಳಗ. ಅದನ್ನು ಮಾಡಿದವರ ಕೈ ಸೇದಿಹೋಗಲಿ, ಸೇತುವೆ ಮೇಲಿನ ಮೊದಲ ರಾಕ್ಷಸನೇ ನನ್ನನ್ನು ಸಾಯಿಸಿ ಸಾಯಿಸಿ ಸಾಕುಮಾಡಿದ. ದಿಂಬು ಒಗೆದೆ, ಬೈದೆ, ಮತ್ತೆ ಆಡಿದೆ. ಕೊನೆಗೆ ಅವನು ಬಿದ್ದ ದಿನ ಕಚೇರಿಯಲ್ಲಿ ಪೇಡೆ ಹಂಚಬೇಕು ಅನ್ನಿಸಿತ್ತು.

ಇವೆಲ್ಲ ಮುಗಿದ ಮೇಲೆ ಒಕ್ಕಲುತನದ ಆಟ ಒಂದು ಉಳಿದಿತ್ತು. ಸಣ್ಣ ಹೊಲ, ಒಂದು ಮನೆ, ಒಂದು ಹಸು, ಟೊಪ್ಪಿಗೆ ಹಾಕಿದ ಹುಡುಗ. ಬಿತ್ತಬೇಕು, ನೀರು ಹಾಕಬೇಕು, ಕೊಯ್ಯಬೇಕು. ಅಷ್ಟೇ. ನಾನು ವಾಡಿಯ ರೈಲ್ವೆ ಮನೆಯಲ್ಲಿ ಬೆಳೆದವಳು, ಹೊಲ ಅಂದರೆ ರೈಲಿನ ಕಿಟಕಿಯಿಂದ ಕಂಡದ್ದೇ. ಇದರಲ್ಲಿ ಏನು ಮಜಾ ಅಂತ ಬದಿಗಿಟ್ಟಿದ್ದೆ. ಅದನ್ನು ತೆಗೆದದ್ದು ನಮ್ಮ ಅತ್ತೆಗೋಸ್ಕರ.

ಮಳೆಗಾಲದಲ್ಲಿ ನಮ್ಮ ಮಾವ ತೀರಿಕೊಂಡಿದ್ದರು. ತೊಗರಿ ಬಿತ್ತಿ, ಸಸಿ ಮೇಲೆದ್ದಿದ್ದ ದಿನಗಳು. ಅತ್ತೆ ಮಧ್ಯಾಹ್ನದ ಬುತ್ತಿ ಹೊತ್ತು ಹೋದಾಗ ಮಾವ ಬೇವಿನ ಗಿಡಕ್ಕೆ ಒರಗಿ ಕುಳಿತಿದ್ದರು. ಅತ್ತೆ ಬುತ್ತಿ ಬಿಚ್ಚಿದರು, ತಂಬಿಗೆಯಲ್ಲಿ ನೀರಿಟ್ಟರು, "ಏಳ್ರಿ, ಉಣ್ಣೇಳ್ರಿ" ಅಂತ ಭುಜ ಮುಟ್ಟಿದ ಮೇಲೆಯೇ ಗೊತ್ತಾದದ್ದು. ಅವತ್ತಿನಿಂದ ಒಂದೇ ಮಾತು: "ಆ ಹೊಲಕ್ಕ ನಾ ಇನ್ನ ಕಾಲಿಡಂಗಿಲ್ಲ. ಈ ಬೆಳಿ ಬಂದ ಮ್ಯಾಲ ಯಾರಿಗರೆ ಪಾಲಿಗಿ ಹಾಕ್ರಿ." ನನ್ನ ಗಂಡ ಫ್ಯಾಕ್ಟರಿಯ ಪಾಳಿ ಮುಗಿಸಿ ತಾನೇ ಹೋಗಿ ಕಳೆ ತೆಗೆಸಿ ಬರುತ್ತಿದ್ದ.

ಹೊತ್ತು ಹುಟ್ಟುವ ಮೊದಲೇ ಹೊಲದಲ್ಲಿರುತ್ತಿದ್ದ ಹೆಂಗಸು ಈಗ ಪಡಸಾಲೆಯ ಬಂಡೆಯ ಮೇಲೆ ಗೋಡೆಗೆ ಮುಖಮಾಡಿ ಮಲಗಿರುತ್ತಿದ್ದರು. ಅರ್ಧ ರೊಟ್ಟಿ ತಿಂದರೆ ಪುಣ್ಯ. ಕುಪ್ಪಸದ ತೋಳು ಸಡಿಲಾಗುತ್ತ ಬಂದವು. ನನಗೆ ಹೆದರಿಕೆ ಆಗುತ್ತಿತ್ತು. ಹೀಗೇ ಆದರೆ ಇವರೂ ನಮ್ಮ ಕೈಬಿಟ್ಟು ಹೋಗುತ್ತಾರೆ ಅನ್ನಿಸುತ್ತಿತ್ತು. ನನಗೆ ಅವರು ಬೇಕಿತ್ತು. ಮದುವೆಯಾಗಿ ಬಂದಾಗ ರೊಟ್ಟಿ ಬಡಿಯಲು ಬರದ ನನ್ನನ್ನು ಯಾರ ಮುಂದೆಯೂ ಹಗುರ ಮಾಡದೆ ಕಲಿಸಿದ ಅತ್ತೆ ಅವರು.

ಒಂದು ಭಾನುವಾರ ಆ ಆಟ ಹಚ್ಚಿದೆ. ಕತ್ತಿ ಆಟದ ಗದ್ದಲವಾದರೂ ಬೇಡ ಅಂತ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ದನಿ ಬಂತು.

"ಅದೇನವ್ವಾ ಅವ, ಬೂಟ್ ಹಾಕ್ಕೊಂಡು ಹೊಲ್ದಾಗ ಅಡ್ಡಾಡ್ಲಿಕತ್ತಾನ? ಖಬರ್ ಅದನೋ ಇಲ್ಲೋ ಅವಗ?"

ಅತ್ತೆ ಈ ಕಡೆ ಹೊರಳಿದ್ದರು.

"ಬೂಟ್ ತಗಿಲಾಕ ಬರಂಗಿಲ್ರಿ ಅತ್ತಿ ಇದರಾಗ."

"ತೊಗರಿ ಎಲ್ಲದ?"

"ತೊಗರಿ ಇಲ್ರಿ. ಕುಂಬಳಕಾಯಿ, ಬಟಾಟಿ ಅದಾವ."

"ತೊಗರಿ ಇಲ್ದ ಹೊಲ, ಅದೂ ಒಂದು ಹೊಲ ಏನು?" ಅಂತ ಎದ್ದು ಕುಳಿತರು. "ತಾ ಇಲ್ಲಿ ಆ ರಿಮೋಟ."

ಹಾಗೆ ಶುರುವಾಯಿತು. ಎರಡು ಹೆಬ್ಬೆರಳಿನಲ್ಲಿ ಮಾಡುವ ಕೆಲಸಕ್ಕೆ ಅವರು ತೋರುಬೆರಳು ಬಳಸುತ್ತಿದ್ದರು. ಹುಡುಗ ಎಷ್ಟೋ ಸಲ ಬಾವಿಗೆ ಹೋಗುವ ಬದಲು ಬೇಲಿಗೆ ಹಾಯುತ್ತಿದ್ದ. "ಏ ಮಂಗ್ಯಾ, ಕಣ್ಣು ಎಲ್ಲಿಟ್ಟಿ?" ಅಂತ ಬೈಗಳು ಅವನಿಗೇ. ಆಟದ ಲೆಕ್ಕಕ್ಕೆ ಗಿಡಕ್ಕೆ ಒಂದು ಸಲ ನೀರು ಹಾಕಿದರೆ ಸಾಕು, ಇವರು ಎರಡೆರಡು ಸಲ ಹಾಕಿಸುತ್ತಿದ್ದರು. ಕರು ಮಾರಬಹುದು ಅಂತ ಪರದೆಯ ಮೇಲೆ ಬಂದರೆ "ನಿಮ್ಮಪ್ಪಂದೇನು?" ಅಂತ ಅದನ್ನು ಮುಚ್ಚಿಸುತ್ತಿದ್ದರು. ನಾನು ಸಂಜೆ ರೈಲಿಳಿದು ಬರುವುದನ್ನು ಕಾಯುತ್ತ ಕೂಡುವುದು ಅತ್ತೆಗೆ ರೂಢಿಯಾಯಿತು. ಅರ್ಧ ರೊಟ್ಟಿ ಒಂದಾಯಿತು. ಆದರೆ ನಮ್ಮ ಸ್ವಂತ ಹೊಲದ ಮಾತೆತ್ತಿದರೆ ಮಾತ್ರ ಮತ್ತೆ ಗೋಡೆಯ ಕಡೆಗೆ ಹೊರಳುತ್ತಿದ್ದರು.

ಆಟದ ಹೊಲದಲ್ಲಿ ಕುಂಬಳಕಾಯಿ ಕಟ್ಟುವ ಹೊತ್ತಿಗೆ ಇಲ್ಲಿ ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ನಮ್ಮ ಕಡೆ ಅವತ್ತು ಹೊಲಕ್ಕೆ ಅಡುಗೆ ಒಯ್ದು ಬೆಳೆಯ ನಡುವೆ ಚೆಲ್ಲುತ್ತಾರೆ. ಅದೇ ಚರಗ. ಬೆಳೆ ಹೊತ್ತ ಭೂಮಿತಾಯಿ ಬಸುರಿ, ಅವಳ ಬಯಕೆ ತೀರಬೇಕು ಅಂತ.

"ಇಲ್ಲೂ ಕಾಯಿ ಕಟ್ಟ್ಯಾವ," ಅಂದರು ಅತ್ತೆ ಟಿವಿ ನೋಡುತ್ತ. "ಇಕಿಗೂ ಚರಗ ಚೆಲ್ಲಬೇಕಲ್ಲವಾ?"

ಅದಕ್ಕೇನಂತೆ ಅಂದೆ. ಆಟದ ಅಡುಗೆಮನೆಯಲ್ಲಿ ಕುಂಬಳಕಾಯಿ ಪಲ್ಯ, ಸೂಪು, ರೊಟ್ಟಿಯಂಥದ್ದು ಏನೇನೋ ಮಾಡಿ ಚೀಲ ತುಂಬಿಸಿದೆವು. ಅತ್ತೆ ತಲೆಯ ಮೇಲೆ ಸೆರಗು ಹೊದ್ದುಕೊಂಡು ಕುಳಿತು, ಹುಡುಗನನ್ನು ಹೊಲದ ಮೂಲೆಗೆ ನಡೆಸಿ, ಗುಂಡಿ ಒತ್ತಿದರು. ಪಲ್ಯ ನೆಲಕ್ಕೆ ಬಿತ್ತು. ಬಿದ್ದದ್ದೇ ತಡ, ಜಿಗಿದು ಬಂದು ಟಪ್ಪಂತ ಚೀಲ ಸೇರಿತು.

ಇನ್ನೊಂದು ಮೂಲೆಗೆ ಹೋದರು. ರೊಟ್ಟಿ ಒಗೆದರು. ಅದೂ ಮರಳಿ ಬಂತು.

ಅತ್ತೆಯ ಮುಖ ಇಳಿದುಹೋಯಿತು. "ಒಲ್ಲೆ ಅನ್ಲಿಕತ್ತಾಳ," ಅಂದರು ಮೆಲ್ಲಗೆ.

"ಏ ಅತ್ತಿ, ಅದು ಆಟದ ರಿವಾಜ್ ರೀ! ಬಾಜೂಕ ನಿಂತ್ರ ಒಗದದ್ದು ತಾನೇ ಚೀಲಕ್ಕ ಬರ್ತದ. ಎಲ್ಲಾರಿಗೂ ಹಂಗೇ ಆಗ್ತದ."

"ಬಸರಿ ಹೆಣ್ಮಗಳು ತುತ್ತು ಒಲ್ಲೆ ಅಂದ್ರ ಸುಮ್ ಸುಮ್ನ ಅಂತಾಳೇನು? ಮನಸಿಗಿ ನೋವಾಗಿರ್ತದ." ರಿಮೋಟು ಕೆಳಗಿಟ್ಟು ಕೈಮುಗಿದರು. ನಗು ತುಟಿಗೆ ಬಂದಿತ್ತು ನನಗೆ, ಆದರೆ ಆ ಕೈಗಳನ್ನು ನೋಡಿ ನಗಲಾಗಲಿಲ್ಲ. ಅವತ್ತು ಅವರು ಉಣ್ಣಲೂ ಇಲ್ಲ. ಅಯ್ಯೋ, ಇದ್ದದ್ದೂ ಹೋಯಿತಲ್ಲ ಅಂತ ನನಗೆ ಅಳು ಬಂತು. ಆಟ ಮಾಡಿದವರಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದ ಮಗನನ್ನು ಅತ್ತೆ ಕೇಳಿದರು, "ನಮ್ಮ ತೊಗರಿ ಎಷ್ಟೆತ್ತರ ಬಂದದೋ?"

ಅವನು ಬಟ್ಟಲು ಕೆಳಗಿಟ್ಟ. "ಎದಿಮಟ ಬಂದದವ್ವಾ. ಕಾಯಿ ಜಗ್ಗಿ ಹಿಡದಾವ."

"ಅಕಿ ಹೊಟ್ಟಿ ತುಂಬಕೊಂಡು ನಿಂತಾಳ, ನಾ ಇಲ್ಲಿ ಸಿಟ್ಟು ಹಿಡ್ದು ಮಕ್ಕೊಂಡೀನಿ. ಅಕಿದೇನು ತಪ್ಪದ?" ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ಸಜ್ಜಿ ಹಿಟ್ಟು ಬೀಸಿಸಿಕೊಂಡು ಬಾರವ್ವಾ. ಕಡಬು ಮಾಡೂನು."

ಅಮಾವಾಸ್ಯೆಯ ದಿನ ಸಜ್ಜೆ ಕಡಬು, ಭಜ್ಜಿ ಪಲ್ಯ, ಎಳ್ಳು ಹಚ್ಚಿದ ರೊಟ್ಟಿ, ಅಂಬಲಿ ಎಲ್ಲ ಕಟ್ಟಿಕೊಂಡು ಟಂಟಂನಲ್ಲಿ ಹೊಲಕ್ಕೆ ಹೋದೆವು. ಅತ್ತೆ ಬದುವಿನವರೆಗೆ ಬಂದರು. ಅಲ್ಲಿ ನಿಂತುಬಿಟ್ಟರು. "ನೀವು ನಡ್ರಿ," ಅಂದರು.

ಚರಗ ಚೆಲ್ಲುವಾಗ ಮುಂದಿನವರು "ಓಲಿಗ್ಯಾ, ಓಲಿಗ್ಯಾ" ಅಂತ ಕೂಗಬೇಕು, ನೀರು ಚಿಮುಕಿಸುತ್ತ ಹಿಂದೆ ಬರುವವರು "ಚಲ್ಲಂ ಪೋಲಿಗ್ಯಾ" ಅಂತ ಓಗೊಡಬೇಕು. ನಮ್ಮ ಹೊಲದಲ್ಲಿ ಯಾವಾಗಲೂ ಕೂಗುತ್ತಿದ್ದವರು ಮಾವ, ಓಗೊಡುತ್ತಿದ್ದವರು ಅತ್ತೆ. ಈಗ ನನ್ನ ಗಂಡ ಬುಟ್ಟಿ ಹಿಡಿದು ತೊಗರಿಯ ಸಾಲಿಗೆ ಇಳಿದ. ನಾನು ತಂಬಿಗೆ ಹಿಡಿದು ಹಿಂದೆ. ಮೊದಲ ಹಿಡಿ ಚೆಲ್ಲಿ ಬಾಯಿ ತೆರೆದ. ಕೂಗು ಹೊರಡಲಿಲ್ಲ. ಅಪ್ಪ ಸತ್ತಾಗಲೂ ಅಳದ ಮನುಷ್ಯ ಸಾಲಿನಲ್ಲಿ ನಿಂತು ಬಿಕ್ಕತೊಡಗಿದ.

ತೊಗರಿ ಸರಸರ ಅಂದಿತು. ತಿರುಗಿ ನೋಡಿದರೆ ಅತ್ತೆ. ಎದೆಮಟ್ಟದ ಗಿಡಗಳನ್ನು ಎರಡೂ ಕೈಯಿಂದ ಸರಿಸುತ್ತ ನಮ್ಮ ಕಡೆಗೆ ಬರುತ್ತಿದ್ದರು. ಮಗನ ಕೆನ್ನೆ ಒರೆಸಿದರು. ಬುಟ್ಟಿ ಈಸಿಕೊಂಡು ಕಂಕುಳಿಗೇರಿಸಿ, ಕಡಬು ಮುರಿದು ಚೆಲ್ಲಿ, ಎದೆ ತುಂಬ ಕೂಗಿದರು.

"ಓಲಿಗ್ಯಾ! ಓಲಿಗ್ಯಾ!"

ಓಗೊಡಬೇಕಾದವಳು ನಾನು. ರೈಲ್ವೆ ಮನೆಯ ಹುಡುಗಿಗೆ ನಾಚಿಕೆ. ಬಾಯೊಳಗೇ "ಚಲ್ಲಂ ಪೋಲಿಗ್ಯಾ" ಅಂದೆ.

ಅತ್ತೆ ನಿಂತು ಹಿಂದಿರುಗಿ ನೋಡಿದರು.

"ಜೋರಾಗಿ ಅನ್ನವ್ವಾ," ಅಂದರು. "ನಿಮ್ಮ ಮಾವಗ ಕಿವಿ ಮಂದ ಅದ, ಗೊತ್ತಿಲ್ಲೇನು?"

ನಾನು ಗಂಟಲು ಹರಿಯುವಂತೆ ಕೂಗಿದೆ.