ಕಸ ಅಲ್ಲ, ಮೇವು

ನೆಲ್ಲಿನ ಹುಲ್ಲು ಸುಡುವ ವಾಸನೆ ಮನೆಯೊಳಗೆ ಬಂತೆಂದರೆ ನನಗೆ ಒಂದು ಆಕಳ ಮೂತಿ ನೆನಪಾಗುತ್ತದೆ. ಅದರ ಹಿಂದೆಯೇ ಆ ಹುಡುಗಿ. ನಿನ್ನೆ ಸಂಜೆಯೂ ಹಾಗೇ ಆಯಿತು. ಬಳಗಾನೂರಿನ ನಮ್ಮ ಕಾಲುವೆ ಸೀಮೆಗೆ ಈ ಹೊಗೆ ಹೊಸದಲ್ಲ. ಮಷಿನ್ ಬಂದು ನೆಲ್ಲು ಕೊಯ್ದು ಹೋಗುತ್ತದೆ, ಹುಲ್ಲು ಹೊಲದಲ್ಲೇ ಬಿದ್ದಿರುತ್ತದೆ, ಕಡ್ಡಿ ಗೀರಿದರೆ ಕೆಲಸ ಮುಗಿಯಿತು. ಅದನ್ನು ನಾವು ಹುಲ್ಲು ಎಂದು ಕೂಡ ಕರೆಯುವುದಿಲ್ಲ. ಕಸ ಎನ್ನುತ್ತೇವೆ.

ಅವಳು ಪಕ್ಕದ ಮನೆಯಾಕೆಯ ತಂಗಿಯ ಮಗಳು. ದೊಡ್ಡಮ್ಮನ ಮನೆಯಲ್ಲಿದ್ದು ಸಿಂಧನೂರಿನ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಅವಳ ಊರು ಮಸ್ಕಿ ದಾಟಿ ಲಿಂಗಸುಗೂರು ಕಡೆ, ಮಳೆ ನಂಬಿದ ನೆಲ. ಕಡ್ಡಿಯಂಥ ಹುಡುಗಿ, ಬಾಯಿ ಮಾತ್ರ ಜೋರು...

ಆಗೊಂದು ಸಂಜೆ ನನ್ನ ಮಗ ಕಡ್ಡಿಪೆಟ್ಟಿಗೆ ಹಿಡಿದು ಹೊಲಕ್ಕೆ ಇಳಿದಿದ್ದ. ನಾನು ಬದುವಿನ ಮೇಲೆ ಕೂತಿದ್ದೆ. ಬಸ್ಸಿಳಿದವಳು ಚೀಲ ಹೊತ್ತುಕೊಂಡೇ ಓಡಿ ಬಂದಳು.

"ಅಣ್ಣಾ, ತಡೀರಿ! ಮೇವಿಗೆ ಬೆಂಕಿ ಹಚ್ತಾರೇನ್ರೀ ಯಾರಾದ್ರೂ?"

"ಮೇವು ಎಲ್ಲೈತಿ? ಕಸ ಇದು," ಎಂದ ನನ್ನ ಮಗ.

"ನಿಮಗ ಕಸ. ನಮ್ಮೂರಾಗ ದನ ಖಾಲಿ ಗ್ವಾದಲಿ ನೆಕ್ಕಾಕತ್ತಾವ."

ಆ ವರ್ಷ ಅವರ ಕಡೆ ಬೇಕಾದಾಗ ಮಳೆ ಬರಲಿಲ್ಲ. ಜೋಳ ಕೊಯ್ದು ಒಟ್ಟಿದ ಮೇಲೆ ಸುರಿಯಿತು. ದನ ತಿನ್ನುವ ಜೋಳದ ದಂಟು, ಕಣಿಕೆ, ಬಣವೆಯೊಳಗೇ ಕಪ್ಪಾಗಿ ಕೊಳೆಯಿತು. ಕರುವಾಗಿದ್ದಾಗಿನಿಂದ ಇವಳು ಸಾಕಿದ ಆಕಳನ್ನು ಮೇವಿಲ್ಲದೆ ಸಂತೆಗೆ ಹೊಡೆಯಲು ಅವಳಪ್ಪ ಸಿದ್ಧನಾಗಿದ್ದ.

"ನಮ್ಮಪ್ಪನ ಕಾಲದಾಗ ಮಳಿ ಹಿಂಗ ಇರಲಿಲ್ಲಂತ. ನಮ್ಮ ಕಾಲ ಬರಲಿ ಅಂತ ಕಾದು ಕೆಟ್ಟೈತಿ ನೋಡಬೇ ಅಜ್ಜಿ."

"ಮಳಿ ನಿನ್ನ ಮಾತು ಕೇಳತೈತೇನ್ಲೇ?" ಎಂದೆ.

"ಮಳಿ ಕೇಳಂಗಿಲ್ಲ. ಬೆಂಕಿ ಹಚ್ಚೋರಾದ್ರೂ ಕೇಳ್ಲಿ ಅಂತ ಬಂದೀನಿ."

ಮಗ ಕಡ್ಡಿಪೆಟ್ಟಿಗೆ ಜೇಬಿಗೆ ಹಾಕಿದ. ಕರುಣೆಯಿಂದಲ್ಲ, ಅವಳ ಬಾಯಿಗೆ ಬೇಸತ್ತು. ಭಾನುವಾರ ಅವಳ ಜೊತೆ ಓದುವ ಹುಡುಗ ಹುಡುಗಿಯರು ಬಂದರು. ಹುಲ್ಲು ಕಟ್ಟಲು ಒಬ್ಬರಿಗೂ ಬರುತ್ತಿರಲಿಲ್ಲ. ಕಟ್ಟಿದ್ದು ಎತ್ತಿದರೆ ಬಿಚ್ಚಿಕೊಳ್ಳುತ್ತಿತ್ತು, ಬಿದ್ದು ಬಿದ್ದು ನಗುತ್ತಿದ್ದರು. ಹಾಗೂ ಹೀಗೂ ಮಗನ ಟ್ರ್ಯಾಕ್ಟರ್ ಟ್ರಾಲಿ ತುಂಬಿತು. ಒಬ್ಬಳನ್ನೇ ಕಳಿಸಲು ದೊಡ್ಡಮ್ಮ ಒಪ್ಪಲಿಲ್ಲ. ಕಾವಲಿಗೆ ನನ್ನನ್ನು ಹುಲ್ಲಿನ ಮೇಲೆ ಹತ್ತಿಸಿದರು. ಮಸ್ಕಿ ದಾಟುವವರೆಗೆ ಅವಳು ಮಾತು ನಿಲ್ಲಿಸಲಿಲ್ಲ. ಎಲ್ಲ ಊರಿನ ಹುಲ್ಲೂ ಹೀಗೇ ಬರಬೇಕಂತೆ, ಹೊಗೆ ನಿಲ್ಲಬೇಕಂತೆ, ಅದಕ್ಕೆ ಅವಳೇ ಮುಂದಾಗುತ್ತಾಳಂತೆ... ನಾನು ಸೆರಗು ಮುಸುಕು ಹಾಕಿ ತೂಕಡಿಸಿದೆ.

ಅವಳ ಮನೆಯಲ್ಲಿ ಆಕಳ ಮುಂದೆ ಒಂದು ಹೊರೆ ಹಾಕಿದಳು. ಎಲುಬು ಎಣಿಸುವ ಹಾಗಿತ್ತು ಆ ಆಕಳು. ಮೂಸಿತು. ಮೂತಿ ತಿರುಗಿಸಿ ನಿಂತಿತು.

ಅವಳಪ್ಪ ಹೊಟ್ಟೆ ಹಿಡಿದು ನಕ್ಕ. "ಜ್ವಾಳದ ಕಣಿಕಿ ತಿಂದ ಬಾಯಿ ಅದು. ನಿನ್ನ ಸಿಂಧನೂರಿನ ಊಟ ಒಲ್ಲಂತ!" ಕೇರಿಯವರೂ ನಕ್ಕರು. ನಾನೂ ನಕ್ಕೆ.

ಅವಳು ಅಳಲಿಲ್ಲ. ಒಳಗಿನಿಂದ ಬೆಲ್ಲ, ಉಪ್ಪು ತಂದು ನೀರಿನಲ್ಲಿ ಕದಡಿ ಹುಲ್ಲಿಗೆ ಚಿಮುಕಿಸಿದಳು. ಕೊಳೆಯದೆ ಉಳಿದಿದ್ದ ನಾಲ್ಕು ಕಣಿಕೆ ಮುರಿದು ಬೆರೆಸಿದಳು. ಒಂದು ಹಿಡಿ ಕೈಯಲ್ಲೇ ಹಿಡಿದು ಅದರ ಮೂತಿಯ ಹತ್ತಿರ ಕೂತಳು.

"ತಿನ್ನಬೇ. ಇಷ್ಟು ಮಂದಿ ಮುಂದ ಮರ್ಯಾದಿ ತೆಗಿಬ್ಯಾಡ."

ನಮಗೆ ಚಹಾ ಆಯಿತು, ಮಾತೂ ಮುಗಿಯಿತು. ಅವಳು ಕೂತೇ ಇದ್ದಳು. ಕೊನೆಗೆ ಆಕಳು ನಾಲಿಗೆ ಚಾಚಿ ಬೆಲ್ಲ ನೆಕ್ಕಿತು. ಆಮೇಲೆ ಹುಲ್ಲೆಳೆಯಿತು. ಅವಳು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು, ಅಷ್ಟೇ. ಆ ಬೇಸಿಗೆಯಲ್ಲಿ ಆಕಳು ಸಂತೆಗೆ ಹೋಗಲಿಲ್ಲ.

ಮರುವರ್ಷ ಇನ್ನೂ ಹೆಚ್ಚು ಟ್ರಾಲಿ ಎಂದಿದ್ದಳು. ಆದರೆ ಮರುವರ್ಷ ಅವಳ ದೊಡ್ಡಮ್ಮನವರು ಪಾಲಿಗೆ ಮಾಡಿದ್ದ ಹೊಲಕ್ಕೆ ಕಾಲುವೆ ನೀರು ಮುಟ್ಟಲಿಲ್ಲ. ಹೊಲ ಬಿಟ್ಟು, ಊರು ಬಿಟ್ಟು ಹೋದರು. ಅವಳೂ ಹೋದಳು. ಒಮ್ಮೆ ಅವಳ ನಂಬರಿಗೆ ಫೋನು ಹಚ್ಚಿಸಿದೆ. ಯಾರೋ ಗಂಡಸು ಎತ್ತಿ ರಾಂಗ್ ನಂಬರ್ ಎಂದ. ಎಲ್ಲಿದ್ದಾಳೋ, ಏನು ಮಾಡುತ್ತಾಳೋ... ಅವಳ ಮಾತು ತಲೆನೋವು ಎನ್ನುತ್ತಿದ್ದವಳು ನಾನೇ. ಈಗ ಬಸ್ಸು ನಿಂತ ಸಪ್ಪಳವಾದರೆ ಕಿವಿ ಅತ್ತ ಹೋಗುತ್ತದೆ.

ನಿನ್ನೆ ಮೊಮ್ಮಗಳು ಕೆಮ್ಮುತ್ತಾ ಬಂದಳು. "ಅಜ್ಜಿ, ಆಚೆ ಹೊಲದಾಗ ಕಸ ಸುಡಾಕತ್ತಾರ. ಕಿಟಕಿ ಹಾಕಬೇ."

"ಕಸ ಅಲ್ಲಲೇ, ಮೇವು."

"ಯಾರ ದನಕ್ಕ?"

ನನ್ನ ಬಾಯಿಗೆ ಬಂದದ್ದು ಇಷ್ಟೇ: "ನಮ್ಮ ಹೊಲದ್ದು ಇನ್ನೂ ಸುಟ್ಟಿಲ್ಲ. ಟ್ರಾಲಿ ಯಾವಾಗ ಖಾಲಿ ಐತಿ ಅಂತ ನಿಮ್ಮಪ್ಪನ್ನ ಕೇಳ್ಕೊಂಡು ಬಾ. ಬರೋವಾಗ ಬೆಲ್ಲ ಎಷ್ಟೈತಿ ನೋಡು."

ಅವಳು ಓಡಿದಳು. ನಾನು ಕಿಟಕಿ ಹಾಕಲಿಲ್ಲ. ಬೆಂಕಿ ನಮ್ಮ ಬದು ದಾಟುತ್ತದೋ ಎಂದು ನೋಡಬೇಕಿತ್ತು. ಕಣ್ಣು ಮಾತ್ರ ಮಸ್ಕಿ ರಸ್ತೆಯ ಮೇಲೇ ಇತ್ತು. ಹೊಗೆಯಲ್ಲಿ ರಸ್ತೆ ಕಾಣಲಿಲ್ಲ.