ಮೆಲಾನ್ಕಾಳ ಮನೆ ಕಾದ ಏಳು ದಿನ

ಕಲಿನೊವಾ ಬಾಲ್ಕಾದಲ್ಲಿ ಓದರ್ಕಾ ಯುಖಿಮಿವ್ನಾಳನ್ನು ಡಾಕ್ಟರ್ ಎಂದು ಕರೆದವರಿಗೆ ಬೈಗುಳ ಖಾತ್ರಿ. "ಡಾಕ್ಟರಂತೆ ಡಾಕ್ಟರು! ಡಾಕ್ಟರಿಗೆ ಕಾರಿರುತ್ತೆ. ನನ್ ಹತ್ರ ಇರೋದು ಸೈಕಲ್ಲು, ಅದೂ ಪಂಕ್ಚರು" ಎನ್ನುತ್ತಿದ್ದಳು. ಅವಳು ಫೆಲ್ಡ್‌ಶೆರ್. ಸಂಬಳದಲ್ಲಿ ನರ್ಸಿಗಿಂತ ಒಂದು ಮೆಟ್ಟಿಲು ಮೇಲೆ, ಡಾಕ್ಟರಿಗಿಂತ ನಾಲ್ಕು ಮೆಟ್ಟಿಲು ಕೆಳಗೆ. ಕೆಲಸದಲ್ಲಿ ಮಾತ್ರ ಇಬ್ಬರದ್ದೂ ಅವಳ ತಲೆಗೇ. ವಯಸ್ಸು ಅರವತ್ತೆರಡು, ಮೂವತ್ತೊಂಬತ್ತು ವರ್ಷದಿಂದ ಹುಟ್ಟಿದೂರಲ್ಲೇ ಕೆಲಸ. ಊರಿನ ಅರ್ಧ ಜನರ ಹೊಕ್ಕುಳಬಳ್ಳಿ ಕತ್ತರಿಸಿದವಳು ಅವಳೇ ಆದ್ದರಿಂದ ಯಾರ ಮುಲಾಜೂ ಅವಳಿಗಿರಲಿಲ್ಲ.

ಯುದ್ಧದ ಎರಡನೇ ವರ್ಷಕ್ಕೆ ಆ ಊರಿನಲ್ಲಿ ಉಳಿದವರು ಎಪ್ಪತ್ತು ಜನ. ಎಲ್ಲರೂ ವಯಸ್ಸಾದವರು, ಎಲ್ಲರೂ ಹಠಮಾರಿಗಳು. ರಷ್ಯನ್ನರ ಫಿರಂಗಿಗಳು ಹನ್ನೆರಡು ಕಿಲೋಮೀಟರ್ ಆಚೆ. ಆಲೂಗಡ್ಡೆ, ಸೌತೆ ಉಪ್ಪಿನಕಾಯಿ ಇಡುತ್ತಿದ್ದ ನೆಲಮಾಳಿಗೆಗಳಲ್ಲೇ ಮಂಚ ಹಾಕಿಕೊಂಡು ಜನ ಬದುಕುತ್ತಿದ್ದರು. ಚಿಕಿತ್ಸಾಲಯದ ಚಾವಣಿ ಹಾರಿಹೋದ ಮೇಲೆ ಓದರ್ಕಾ ಇಡೀ ಚಿಕಿತ್ಸಾಲಯವನ್ನು ಎರಡು ಚೀಲಕ್ಕೆ ತುಂಬಿ ಸೈಕಲ್ಲಿನ ಹ್ಯಾಂಡಲ್ಲಿಗೆ ನೇತುಹಾಕಿದಳು. ದಿನಾ ಹದಿನೇಳು ನೆಲಮಾಳಿಗೆಗೆ ಇಳಿದು ಹತ್ತುತ್ತಿದ್ದಳು. ಮಂಡಿನೋವು ಯಾರಿಗೆ ಇರಬಾರದಿತ್ತೋ ಅವಳಿಗೇ ಇತ್ತು, ಅದರ ಮಾತ್ರೆಯನ್ನು ಮಾತ್ರ ಬೇರೆಯವರಿಗೆ ಹಂಚಿಬಿಡುತ್ತಿದ್ದಳು.

ಪರಿಹಾರ ಸಂಸ್ಥೆಯೊಂದರ ವ್ಯಾನಿನಲ್ಲಿ ಪ್ರತಿ ಮಂಗಳವಾರ ನಗರದಿಂದ ಬರುತ್ತಿದ್ದವಳು ಸೊಲೊಮಿಯಾ. ಮನಶ್ಶಾಸ್ತ್ರಜ್ಞೆ, ಮೂವತ್ತೆಂಟು ವರ್ಷ, ಎರಡು ಪದವಿ. ಮೊದಲ ಮಂಗಳವಾರವೇ ಅವಳು ಎಡವಿದಳು. ಮುಚ್ಚಿದ ಅಂಗಡಿಯ ಮುಂದೆ ಎರಡು ಕುರ್ಚಿ ಹಾಕಿ, 'ಮನಶ್ಶಾಸ್ತ್ರಜ್ಞೆ, ಉಚಿತ' ಎಂಬ ಬೋರ್ಡು ಇಟ್ಟಳು. ಔಷಧಿಗೆಂದು ಸಾಲು ನಿಂತಿದ್ದ ಮೂವತ್ತು ಜನ ಬೋರ್ಡು ಓದಿದರು, ಟೋಪಿ ಸರಿಮಾಡಿಕೊಂಡರು, ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಔಷಧಿಯೂ ಬೇಡವಾಯಿತು.

"ಆ ಬೋರ್ಡ್ ತೆಗಿಯೇ ಮಾರಾಯ್ತಿ," ಎಂದಳು ಓದರ್ಕಾ. "ಹಳೇ ಕಾಲದಲ್ಲಿ ತಲೆ ಡಾಕ್ಟರ ಪುಸ್ತಕದಲ್ಲಿ ಒಂದ್ಸಲ ಹೆಸರು ಬಿತ್ತು ಅಂದ್ರೆ ಮುಗೀತು. ಟ್ರ್ಯಾಕ್ಟರ್ ಓಡಿಸೋ ಲೈಸೆನ್ಸ್ ಹೋಯ್ತು, ಕೆಲಸ ಹೋಯ್ತು, ಮಗಳಿಗೆ ಗಂಡೂ ಸಿಗಲ್ಲ. ಇವರೆಲ್ಲ ಆ ಕಾಲದೋರು. ನಿಂಗೆ ಬಿ.ಪಿ. ನೋಡೋಕೆ ಬರುತ್ತಾ?"

"ಬರುತ್ತೆ. ಆದ್ರೆ ನಾನು ಓದಿರೋದು..."

"ಓದಿದ್ದು ಎಲ್ಲೂ ಓಡಿಹೋಗಲ್ಲ. ಬಿ.ಪಿ. ನೋಡು."

ಬಿ.ಪಿ. ಎಂದರೆ ಆ ಊರಿನವರಿಗೆ ಪಂಚಪ್ರಾಣ. ಬೆಂಚಿನ ಮೇಲೆ ಕೂತ ಅಜ್ಜಿಯರು ತಮ್ಮ ತಮ್ಮ ಅಂಕಿಗಳನ್ನು ಕುಸ್ತಿಯಲ್ಲಿ ಗೆದ್ದ ಪದಕದಂತೆ ಹೇಳಿಕೊಳ್ಳುತ್ತಿದ್ದರು. "ನಿನ್ನೆ ನಂಗೆ ನೂರಾ ತೊಂಬತ್ತು!" "ಅಯ್ಯೋ, ನೂರಾ ತೊಂಬತ್ತಂತೆ. ನಂಗೆ ಇನ್ನೂರಾಹತ್ತಿದ್ದಾಗ ದನ ಕರೆದೋಳು ನಾನು!" ಓದರ್ಕಾ ಇದನ್ನೇ ಹಿಡಿದುಕೊಂಡಿದ್ದಳು. ತೋಳಿಗೆ ಪಟ್ಟಿ ಸುತ್ತುತ್ತಿದ್ದಳು, ಗಾಳಿ ತುಂಬುತ್ತಿರಲಿಲ್ಲ. "ಐದು ನಿಮಿಷ ಸುಮ್ನೆ ಕೂತ್ಕೋ, ಇಲ್ಲಾಂದ್ರೆ ಲೆಕ್ಕ ತಪ್ಪಾಗಿ ತೋರಿಸುತ್ತೆ" ಎಂದು ಹೇಳಿ ತಾನೂ ಎದುರಿಗೆ ಕೂರುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಗೋಡೆಗೆ ತೂಗುಹಾಕಿದ ಈರುಳ್ಳಿ ಜಡೆಯನ್ನು ನೋಡುತ್ತಿದ್ದಳು. ಮೂರನೆಯ ನಿಮಿಷಕ್ಕೋ ನಾಲ್ಕನೆಯ ನಿಮಿಷಕ್ಕೋ ಎದುರಿನವರ ಬಾಯಿಂದ ತಾನಾಗಿ ಬರುತ್ತಿತ್ತು: ಮುಂಚೂಣಿಗೆ ಹೋದ ಮಗ, ಸುಟ್ಟುಹೋದ ಹಸು, ಬೆಳಗಾದರೆ ಕೈ ನಡುಗುವುದು, ಬದುಕಿದ್ದಕ್ಕೆ ನಾಚಿಕೆಯಾಗುವುದು. ಎಲ್ಲ ಮುಗಿದ ಮೇಲೆ ಅವಳು ಗಾಳಿ ತುಂಬಿ ಅಂಕಿ ಹೇಳುತ್ತಿದ್ದಳು. ಮೂಲೆಯಲ್ಲಿ ನಿಂತು ಇದನ್ನು ಮೊದಲ ಸಲ ನೋಡಿದ ದಿನ ಸೊಲೊಮಿಯಾಗೆ, ತಾನು ಹತ್ತು ವರ್ಷ ಕಲಿತದ್ದನ್ನು ಈ ಹೆಂಗಸು ಹೆಸರು ಕೂಡ ಇಡದೆ ಮಾಡುತ್ತಿದ್ದಾಳೆ ಎನಿಸಿತು.

ಆದರೆ ಮಕಾರ್ ಬಾಯಿ ಬಿಡಲಿಲ್ಲ.

ಮಕಾರ್ ಊರ ಕೊನೆಯ ಮನೆಯವನು, ಹಳೇ ಟ್ರ್ಯಾಕ್ಟರ್ ಡ್ರೈವರು, ಅರವತ್ತಮೂರು ದಾಟಿದ ಸಕ್ಕರೆ ಕಾಯಿಲೆಯ ಮನುಷ್ಯ. ಆಗಸ್ಟಿನ ಕೊನೆಗೆ ಬಾವಿಯ ಹತ್ತಿರ ಶೆಲ್ ಬಿದ್ದು ಅವನ ಹೆಂಡತಿ ಮೆಲಾನ್ಕಾ ಸತ್ತಳು. ಓಡಿಬಂದು ಒಡೆದ ಗಾಜಿನ ಮೇಲೆ ಬರಿಗಾಲಲ್ಲಿ ನಡೆದದ್ದಕ್ಕೆ ಅವನ ಪಾದ ಸೀಳಿತ್ತು. ಓದರ್ಕಾ ದಿನಾ ಬಂದು ಗಾಯ ತೊಳೆದು ಕಟ್ಟು ಹಾಕುತ್ತಿದ್ದಳು. ಅವನು ಐದು ನಿಮಿಷವೂ ಸುಮ್ಮನೆ ಕೂರುತ್ತಿದ್ದ, ಹತ್ತು ನಿಮಿಷವೂ ಸುಮ್ಮನೆ ಕೂರುತ್ತಿದ್ದ. ಅಳಲೂ ಇಲ್ಲ.

ಮೂವತ್ತಮೂರನೆಯ ದಿನ ಮಂಗಳವಾರ. ಅಂದು ಸೊಲೊಮಿಯಾ ಓದರ್ಕಾಳ ಜೊತೆ ಅವನ ನೆಲಮಾಳಿಗೆಗೆ ಇಳಿದಾಗ ವಾಸನೆ ಮೊದಲು ಮುಖಕ್ಕೆ ಹೊಡೆಯಿತು. ಹಿಂದಿನ ದಿನ ಬರೀ ಊದಿದ್ದ ಎರಡು ಕಾಲ್ಬೆರಳು ಕಪ್ಪಾಗಿದ್ದವು, ಕೆಂಪು ಗೆರೆಯೊಂದು ಮೀನಖಂಡದ ತನಕ ಹತ್ತಿತ್ತು, ಮೈ ಕೆಂಡ. ಓದರ್ಕಾ ಮೇಲೆ ಹೋಗಿ ಆಸ್ಪತ್ರೆಗೆ ಫೋನು ಮಾಡಿ ಬಂದಳು.

"ಇವತ್ತೇ ಹೋಗ್ಬೇಕು ಮಕಾರ್. ವ್ಯಾನ್ ಬಾಗಿಲಲ್ಲಿದೆ. ಇವತ್ತು ಹೋದ್ರೆ ಎರಡು ಬೆರಳು ಹೋಗುತ್ತೆ. ಒಂದು ವಾರ ಬಿಟ್ರೆ ನೀನೇ ಹೋಗ್ತೀಯ."

"ನಲವತ್ತು ಮುಗೀಲಿ. ಆಮೇಲೆ ಬರ್ತೀನಿ."

ಆ ಕಡೆಯವರ ನಂಬಿಕೆಯಲ್ಲಿ ಸತ್ತವರು ನಲವತ್ತು ದಿನ ತಮ್ಮ ಮನೆಗೆ ಬಂದುಹೋಗುತ್ತಾರೆ. ಅವರಿಗೆಂದು ಒಂದು ಲೋಟ ನೀರು, ಅದರ ಮೇಲೊಂದು ಚೂರು ರೊಟ್ಟಿ. ಕುಂಟುಗಾಲಲ್ಲೂ ಮಕಾರ್ ದಿನಾ ಬೆಳಿಗ್ಗೆ ಏಣಿ ಹತ್ತಿ ಅಡುಗೆಮನೆಯ ಮೇಜಿನ ಮೇಲಿನ ಆ ನೀರು ಬದಲಿಸಿ ಇಳಿಯುತ್ತಿದ್ದ.

"ಮೆಲಾನ್ಕಾ ಇದ್ದಿದ್ರೆ ನಿಮ್ಮನ್ನ ಆಸ್ಪತ್ರೆಗೆ ಹೋಗಿ ಅಂತಿರ್ಲಿಲ್ವಾ?" ಎಂದು ಸೊಲೊಮಿಯಾ ಮೆಲ್ಲಗೆ ಕೇಳಿದಳು.

"ಅಂತಿದ್ಲು. ಕತ್ತೆ ಅಂತ ಬೈದೇ ಕಳಿಸ್ತಿದ್ಲು." ಅವನು ಮೊದಲ ಸಲ ಉದ್ದಕ್ಕೆ ಮಾತಾಡಿದ. "ಅವತ್ತು ಚಹಾಕ್ಕೆ ನೀರಿಲ್ಲ ಅಂದಿದ್ದು ನಾನು. ಅವಳು ಬಿಂದಿಗೆ ಹಿಡ್ಕೊಂಡು ಹೋದ್ಲು, ನಾನು ಇಲ್ಲೇ ಬಿದ್ದಿದ್ದೆ. ಒಬ್ಬಳೇ ಸತ್ಲಮ್ಮಾ. ಈಗ ಮನೆಗೆ ಬಂದ್ರೆ ಮನೇಲೂ ಯಾರೂ ಇಲ್ಲ ಅಂದ್ರೆ? ಕಾಲು ಹೋದ್ರೆ ಹೋಗ್ಲಿ. ನಾನು ಬರಲ್ಲ."

ಸೊಲೊಮಿಯಾಗೆ ತೋಚಿದ್ದೆಲ್ಲ ಪುಸ್ತಕದ ಮಾತಾಗಿತ್ತು.

ಓದರ್ಕಾ ಸ್ಕಾರ್ಫು ಬಿಚ್ಚಿ ಮತ್ತೆ ಕಟ್ಟಿಕೊಂಡಳು. "ಮನೆ ಖಾಲಿ ಇರಬಾರ್ದು. ಅಷ್ಟೇ ತಾನೇ? ನಾನಿರ್ತೀನಿ."

"ನೀನಾ? ನೀನು ದೇವರನ್ನೇ ನಂಬಲ್ಲ."

"ದೇವರ ವಿಷಯ ನಂಗೊತ್ತಿಲ್ಲ. ಮೆಲಾನ್ಕಾ ಗೊತ್ತು. ಎಂಟು ವರ್ಷ ಒಂದೇ ಬೆಂಚಲ್ಲಿ ಕೂತು ಓದಿದೀವಿ."

"ರಾತ್ರಿನೂ ಇರ್ಬೇಕು."

"ಇರ್ತೀನಿ."

"ಇಲ್ಲಿ ಕೆಳಗಲ್ಲ." ಮಕಾರ್ ಕಣ್ಣು ತಗ್ಗಿಸಿದ. ಕೇಳುತ್ತಿರುವುದು ಏನೆಂದು ಅವನಿಗೆ ಗೊತ್ತಿತ್ತು. "ಮೇಲೆ. ಅವಳು ಬರೋದು ಮೇಲಕ್ಕೆ."

ದಿಬ್ಬದ ಆಚೆ ಫಿರಂಗಿ ಎರಡು ಸಲ ಕೆಮ್ಮಿತು.

"ಮೇಲೇನೇ ಇರ್ತೀನಿ. ಬಾಗಿಲಿಗೆ ಚಿಲಕ ಹಾಕಲ್ಲ. ನೀರು ದಿನಾ ಬದಲಿಸ್ತೀನಿ. ಇನ್ನೇನಿದೆ ಬೊಗಳು, ಆಮೇಲೆ ಅಲ್ಲಿಂದ ಫೋನ್ ಮಾಡಿ ಪ್ರಾಣ ತಿನ್ಬೇಡ."

ಮಕಾರ್ ಕೈ ಚಾಚಿದ, ಎಬ್ಬಿಸಿ ಎಂಬಂತೆ.

ಡ್ರೈವರ್ ಒಮೆಲ್ಕೊ ಅವನನ್ನು ವ್ಯಾನಿಗೆ ಹೊತ್ತ ಮೇಲೆ ಸೊಲೊಮಿಯಾ ಅಂಗಳದಲ್ಲೇ ಓದರ್ಕಾಳ ತೋಳು ಹಿಡಿದು ಜಗಳಕ್ಕೆ ನಿಂತಳು. "ಈ ಬೀದಿಗೇ ಎಲ್ಲಕ್ಕಿಂತ ಹೆಚ್ಚು ಬೀಳೋದು. ಅವರು ಹೋದ್ಮೇಲೆ ನೀವು ನಿಮ್ಮನೆಗೆ ಹೋಗಿ. ಅವರಿಗೆ ಗೊತ್ತಾಗಲ್ಲ."

"ನಂಗೆ ಗೊತ್ತಾಗುತ್ತಲ್ಲೇ." ಓದರ್ಕಾಗೆ ಸಿಟ್ಟು ಬರಲಿಲ್ಲ, ಅದೇ ಆಶ್ಚರ್ಯ. "ನೋಡು ಮಗಳೇ. ಅವನ ಕಾಲಿಗೆ ಔಷಧಿ ನಿಮ್ಮ ಆಸ್ಪತ್ರೇಲಿದೆ. ಅವನು ವ್ಯಾನ್ ಹತ್ತೋದಕ್ಕೆ ಔಷಧಿ ಈ ಅಡುಗೆಮನೇಲಿತ್ತು. ಅರ್ಧ ಕೋರ್ಸ್ ಕೊಟ್ಟು ನಿಲ್ಲಿಸೋಕಾಗುತ್ತಾ? ಹೊರಡು, ಜ್ವರ ಏರ್ತಿದೆ."

ಬುಧವಾರದಿಂದ ಓದರ್ಕಾಳ ಚಿಕಿತ್ಸಾಲಯ ಮಕಾರನ ಅಡುಗೆಮನೆಗೆ ಬಂತು. ಅವಳು ನೆಲಮಾಳಿಗೆಗಳಿಗೆ ಹೋಗುವ ಹೊತ್ತಿನಲ್ಲಿ ಯಾರಾದರೊಬ್ಬ ಅಜ್ಜಿ ಹೆಣಿಗೆ ಹಿಡಿದು ಅಲ್ಲಿ ಬಂದು ಕೂರುತ್ತಿದ್ದಳು. ಯಾರನ್ನೂ ಅವಳು ಕರೆದಿರಲಿಲ್ಲ. ಗುರುವಾರ ಮಧ್ಯಾಹ್ನ ಅಂಗಳದಲ್ಲಿ ಶೆಲ್ ಬಿದ್ದು ಕಿಟಕಿ ಗಾಜುಗಳೆಲ್ಲ ಒಡೆದು ಒಳಗೆ ಬಿದ್ದವು. ಸುದ್ದಿ ಕೇಳಿ ಸೊಲೊಮಿಯಾ ನಗರದಿಂದ ಇಪ್ಪತ್ತು ಸಲ ಫೋನು ಮಾಡಿದಳು. ಮರುದಿನ ಸಂಜೆ ಉತ್ತರ ಬಂತು. "ಬದುಕಿದೀನಿ. ಹಣೆಗೆ ಮೂರು ಹೊಲಿಗೆ, ನಾನೇ ಹಾಕ್ಕೊಂಡೆ, ಕನ್ನಡಿ ಒಡೆದುಹೋಗಿತ್ತು ನೋಡು, ಅದಕ್ಕೆ ಸೊಟ್ಟ ಆಗಿದೆ. ಇಡು, ಬ್ಯಾಟರಿ ಮುಗಿಯುತ್ತೆ." ಫೋನು ಕೈಯಲ್ಲಿಟ್ಟುಕೊಂಡೇ ಸೊಲೊಮಿಯಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಇಂಥವರೂ ಇರುತ್ತಾರೆಯೇ, ಇವರ ಜೊತೆ ನಾನೂ ಕೆಲಸ ಮಾಡುತ್ತೇನೆಯೇ ಎಂದು ಅವಳಿಗೆ ನಂಬುವುದೇ ಕಷ್ಟವಾಯಿತು.

ನಲವತ್ತನೆಯ ದಿನ ವ್ಯಾನು ಬಂದಾಗ ಕಿಟಕಿಗಳಿಗೆ ಪ್ಲಾಸ್ಟಿಕ್ ಹೊಡೆದಿತ್ತು. ಒಳಗೆ ಊರಿಗೆ ಊರೇ ನೆರೆದಿತ್ತು. ಮೇಜಿನ ಮೇಲೆ ಜೇನು ಕಲಸಿದ ಗೋಧಿ, ಬೋರ್ಶ್ ಎಂಬ ಬೀಟ್‌ರೂಟ್ ಸಾರು, ಎಲೆಕೋಸಿನ ಕಡುಬು. ಸತ್ತವರ ಊಟಕ್ಕೆ ಫೋರ್ಕು ಇಡಬಾರದೆಂದು ಬರೀ ಚಮಚಗಳು. ಓದರ್ಕಾ ಕರಿ ಸ್ಕಾರ್ಫಿನಲ್ಲಿ, ಸೊಟ್ಟ ಹೊಲಿಗೆಯ ಹಣೆಯಲ್ಲಿ, ಏಳು ದಿನ ನಿದ್ದೆಗೆಟ್ಟ ಕಣ್ಣಿನಲ್ಲಿ ಎಲ್ಲರಿಗೂ ಬಡಿಸುತ್ತಿದ್ದಳು.

ಸೊಲೊಮಿಯಾ ಆಸ್ಪತ್ರೆಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ ಅವಳ ಕೈಗೆ ಕೊಟ್ಟಳು. ಮಕಾರನ ಎರಡು ಬೆರಳು ಹೋಗಿದ್ದವು, ಕಾಲು ಉಳಿದಿತ್ತು, ಜ್ವರ ಇಳಿದಿತ್ತು. ಆದರೂ ನರ್ಸುಗಳ ಪ್ರಕಾರ ಅವನು ಗೋಡೆಗೆ ಮುಖ ಮಾಡಿ ಮಲಗಿದವನು ಇತ್ತ ತಿರುಗಿರಲಿಲ್ಲ, ತುತ್ತು ಮುಟ್ಟಿರಲಿಲ್ಲ.

ಅವನು ಒಂದೇ ಪ್ರಶ್ನೆ ಕೇಳಿದ. "ಬಂದಿದ್ಲಾ?"

ಇಡೀ ಅಡುಗೆಮನೆ ಚಮಚ ಕೆಳಗಿಟ್ಟಿತು. ಒಂದು ಸುಳ್ಳು ಹೇಳಿದರೆ ಸಾಕಿತ್ತು. ಸೊಲೊಮಿಯಾ ಆಗಿದ್ದರೆ ಹೇಳಿಯೇಬಿಡುತ್ತಿದ್ದಳು.

"ನಂಗೆ ಕಾಣಿಸ್ಲಿಲ್ಲ ಮಕಾರ್," ಎಂದಳು ಓದರ್ಕಾ. "ಸುಳ್ಳು ಯಾಕೆ ಹೇಳ್ಲಿ. ಆದ್ರೆ ಬಂದು ಹುಡುಕಾಡಬಾರ್ದಲ್ಲ ಅಂತ ದಿನಾ ಬೆಳಿಗ್ಗೆ ನೀರು ಬದಲಿಸುವಾಗ ಜೋರಾಗೇ ಹೇಳ್ತಿದ್ದೆ. ಮಕಾರ್ ಆಸ್ಪತ್ರೇಲಿದಾನೆ ಕಣೇ, ಎರಡನೇ ಮಹಡಿ, ಆರನೇ ವಾರ್ಡು, ಕಿಟಕಿ ಪಕ್ಕದ ಮಂಚ, ಅಲ್ಲಿಗೇ ಹೋಗು ಅಂತ. ಮಂಚದ ನಂಬರ್ ಕೂಡ ಈ ಹುಡುಗಿ ಹತ್ರ ಕೇಳಿ ಹೇಳಿದೀನಿ."

ಆ ಕಡೆಯಿಂದ ಏನೋ ಹರಿದಂತೆ ಒಂದು ಸದ್ದು, ಅದರ ಹಿಂದೆ ಮತ್ತೊಂದು. ನಲವತ್ತು ದಿನದಲ್ಲಿ ಮೊದಲ ಸಲ ಮಕಾರ್ ಅಳುತ್ತಿದ್ದ, ಮಕ್ಕಳ ಹಾಗೆ ಬಾಯಿಬಿಟ್ಟು ಅಳುತ್ತಿದ್ದ.

ಓದರ್ಕಾ ಫೋನನ್ನು ಸೊಲೊಮಿಯಾಳ ಕೈಗಿಟ್ಟಳು. "ತಗೋ. ಇನ್ನು ನಿನ್ನ ಕೆಲಸ. ಅವನಾಗಿ ಇಡೋ ತನಕ ನೀನು ಇಡ್ಬೇಡ." ಹಾಗೆಂದವಳು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಳು, ಗೋಡೆಗೆ ತಲೆ ಆನಿಸಿದಳು, ಅಷ್ಟು ಜನರ ನಡುವೆಯೇ ನಿದ್ದೆಹೋದಳು.